ಹಿಂದೆ ಸರಿಯದವರು, ಹಿಂದೆ ಹೋಗಿ ಬಂದವರು

ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ, ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ಹಿಂಸೆಯ ಕಾಲದ ಪತ್ರಿಕೆಯೆಂದು ಓದುವುದು ನಮ್ಮ ಸಭೆಗಳಲ್ಲಿ ರೂಢಿಯಾಗಿದೆ. ಹನ್ನೊಂದನೆಯ ಅಧ್ಯಾಯದಲ್ಲಿ ಗರಗಸದಿಂದ ಕೊಯ್ಯಿಸಿಕೊಂಡವರು, ಕಲ್ಲೆಸೆತಕ್ಕೆ ಸತ್ತವರು, ಕುರಿಮೇಕೆಗಳ ಚರ್ಮ ಉಟ್ಟು ಗುಹೆಗಳಲ್ಲಿ ಅಲೆದವರು ಸಾಲುಸಾಲಾಗಿ ಬರುವುದರಿಂದ, ಆ ಪತ್ರಿಕೆಯನ್ನು ಮೊದಲು ಕೇಳಿಸಿಕೊಂಡ ಸಭೆಯೂ ಅಂಥದೇ ಸಂಕಟದಲ್ಲಿತ್ತು ಎಂದುಕೊಳ್ಳುತ್ತೇವೆ. ಆದರೆ ಹದಿಮೂರು ಅಧ್ಯಾಯಗಳನ್ನೂ ಒಂದೇ ಬಾರಿಗೆ ಕುಳಿತು ಓದಿದವರಿಗೆ ಕಾಣುವ ಸಭೆ ಬೇರೆ. ಆ ಜನ ಸಂಕಟವನ್ನು ಕಂಡಿದ್ದರು, ನಿಜ. ಹಿಂದಿನ ದಿನಗಳಲ್ಲಿ ಅವರ ಆಸ್ತಿ ಸುಲಿಗೆಯಾದಾಗ ಸಂತೋಷದಿಂದಲೇ ಸಹಿಸಿದ್ದರು, ಸೆರೆಯಲ್ಲಿದ್ದವರ ದುಃಖದಲ್ಲಿ ಪಾಲು ತೆಗೆದುಕೊಂಡಿದ್ದರು. ಈಗ ಅವರು ದಣಿದಿದ್ದಾರೆ. ಕೈಗಳು ಜೋತುಬಿದ್ದಿವೆ, ಮೊಣಕಾಲುಗಳು ಸೋತಿವೆ, ಕೆಲವರು ಸಭೆಯಾಗಿ ಕೂಡುವುದನ್ನೇ ಬಿಡುವ ರೂಢಿ ಮಾಡಿಕೊಂಡಿದ್ದಾರೆ. ಬರೆದವನು ಅವರಿಗೆ ನೇರವಾಗಿಯೇ ಹೇಳುತ್ತಾನೆ: ನೀವು ಇನ್ನೂ ರಕ್ತ ಸುರಿಸುವಷ್ಟರ ಮಟ್ಟಿಗೆ ಹೋರಾಡಿಲ್ಲ. ಪತ್ರಿಕೆಯ ಮೊದಲನೆಯ ಎಚ್ಚರಿಕೆಯಲ್ಲಿ ಕ್ರಿಸ್ತನನ್ನು ಅಲ್ಲಗಳೆಯುವ ಮಾತೇ ಇಲ್ಲ. ಕೇಳಿದ ವಚನಕ್ಕೆ ಲಕ್ಷ್ಯ ಕೊಡದೆ ತೇಲಿಹೋದೀರಿ ಎಂದಷ್ಟೇ ಇದೆ.

ತೇಲಿಹೋಗುವುದಕ್ಕೆ ಯಾರೂ ಕುಳಿತು ತೀರ್ಮಾನ ಮಾಡಬೇಕಾಗಿಲ್ಲ. ಇದಕ್ಕೆ ಆದಿಸಭೆಯ ಕಾಲದ್ದೇ ಒಂದು ಸಾಕ್ಷ್ಯವಿದೆ, ಅದೂ ಕ್ರೈಸ್ತನಲ್ಲದ ಒಬ್ಬ ಅಧಿಕಾರಿಯ ಕೈಬರಹದಿಂದ ಬಂದದ್ದು. ಸುಮಾರು ಕ್ರಿ.ಶ. 112ರಲ್ಲಿ ರೋಮ್ ಸಾಮ್ರಾಜ್ಯದ (ಇಂದಿನ ಟರ್ಕಿಯ) ಬಿಥೂನ್ಯ-ಪೊಂತ ಪ್ರಾಂತದ ಅಧಿಪತಿಯಾಗಿದ್ದ ಪ್ಲೀನಿ, ತನ್ನ ಮುಂದೆ ತಂದು ನಿಲ್ಲಿಸಿದ ಕ್ರೈಸ್ತರನ್ನು ಏನು ಮಾಡಬೇಕೆಂದು ಚಕ್ರವರ್ತಿ ಟ್ರಾಜನನಿಗೆ ಪತ್ರ ಬರೆದು ಕೇಳಿದ. ನಿಗದಿಯಾದ ದಿನ ಬೆಳಗಾಗುವ ಮೊದಲೇ ಅವರು ಕೂಡುತ್ತಿದ್ದರು, ಕ್ರಿಸ್ತನನ್ನು ದೇವರೆಂದು ಸ್ತುತಿಸಿ ಹಾಡುತ್ತಿದ್ದರು, ಕಳ್ಳತನ, ವ್ಯಭಿಚಾರ, ಮಾತಿಗೆ ತಪ್ಪುವುದು ಇವನ್ನು ಮಾಡುವುದಿಲ್ಲವೆಂದು ಆಣೆ ಇಡುತ್ತಿದ್ದರು, ಆಮೇಲೆ ಮತ್ತೆ ಕೂಡಿ ಸಾಧಾರಣವಾದ ಊಟ ಮಾಡುತ್ತಿದ್ದರು ಎಂದು ಅವನು ವರದಿ ಮಾಡುತ್ತಾನೆ. ಅದೇ ಪತ್ರದಲ್ಲಿ ಮೈ ಜುಮ್ಮೆನ್ನಿಸುವ ಇನ್ನೊಂದು ಸಂಗತಿಯಿದೆ. ಚಾಡಿ ಹೇಳಿದವರ ಪಟ್ಟಿಯಲ್ಲಿ ಹೆಸರಿದ್ದ ಕೆಲವರು, ತಾವು ಒಂದು ಕಾಲದಲ್ಲಿ ಕ್ರೈಸ್ತರಾಗಿದ್ದುದು ನಿಜ, ಆದರೆ ಬಿಟ್ಟು ಮೂರು ವರ್ಷವಾಯಿತು ಎಂದರು. ಕೆಲವರು ಇನ್ನೂ ಹೆಚ್ಚು ವರ್ಷವಾಯಿತು ಎಂದರು. ಒಬ್ಬಿಬ್ಬರು 25 ವರ್ಷವಾಯಿತು ಎಂದರು. ಹೀಗೆ ಹೇಳಿ ಚಕ್ರವರ್ತಿಯ ಪ್ರತಿಮೆಗೆ ಕೈಮುಗಿದರು, ಕ್ರಿಸ್ತನನ್ನು ಶಪಿಸಿದರು.

ಆ 25 ವರ್ಷಗಳ ಲೆಕ್ಕವನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಯೇಸುವಿನ ಶಿಷ್ಯರಾದ ಅಪೊಸ್ತಲರನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದ ಕಾಲವದು. ಪೇತ್ರನ ಮೊದಲನೆಯ ಪತ್ರಿಕೆಯ ಮೊದಲನೆಯ ವಚನದಲ್ಲೇ ಪೊಂತ, ಬಿಥೂನ್ಯಗಳ ಹೆಸರಿದೆ. ಅಂದರೆ ಆ ಪತ್ರಿಕೆ ಹೋಗಿ ಮುಟ್ಟಿದ ಸೀಮೆಯ ಜನರೇ ಇವರು. ಅಂಥವರ ನಡುವೆಯೂ ಇಪ್ಪತ್ತೈದು ವರ್ಷಗಳ ಹಿಂದೆಯೇ ಬಿಟ್ಟವರಿದ್ದರು. ಕತ್ತಿಗೆ ಹೆದರಿ ಬಿಟ್ಟವರು ಅವರಲ್ಲಿ ಕೆಲವರಿರಬಹುದು, ಆದರೆ ಹೆಚ್ಚಿನವರು ಯಾವ ಗದ್ದಲವೂ ಇಲ್ಲದೆ, ಒಂದು ವಾರ ತಪ್ಪಿ, ಎರಡು ವಾರ ತಪ್ಪಿ, ಕೇಳುವವರಿಲ್ಲದೆ ದೂರವಾದವರಿರಬೇಕು ಎಂದು ನನಗೆ ಅನ್ನಿಸುತ್ತದೆ. ಅದೇ ಪತ್ರದಲ್ಲಿ ಪ್ಲೀನಿ ಇಬ್ಬರು ದಾಸಿಯರ ಮಾತನ್ನೂ ಬರೆದಿದ್ದಾನೆ. ಸಭೆಯವರು ಅವರನ್ನು ಸೇವಕಿಯರೆಂದು, ಅಂದರೆ ಸಭೆಯಲ್ಲಿ ಹೊಣೆಯಿದ್ದವರೆಂದು ಕರೆಯುತ್ತಿದ್ದರು. ಅವರನ್ನು ಹಿಂಸಿಸಿ ವಿಚಾರಿಸಿದಾಗ ಅತಿರೇಕದ ಮೂಢನಂಬಿಕೆಯೊಂದನ್ನು ಬಿಟ್ಟು ಬೇರೇನೂ ಸಿಗಲಿಲ್ಲ ಎಂದು ಬರೆಯುತ್ತಾನೆ. ಅವರ ಹೆಸರು ಬರೆಯುವ ಅಗತ್ಯ ಅವನಿಗೆ ಕಂಡಿಲ್ಲ. ಸಮಾಜದಲ್ಲಿ ಎಲ್ಲರಿಗಿಂತ ಕೆಳಗಿದ್ದ ಆ ಇಬ್ಬರ ಬಾಯಿಂದ ಹಿಂಸೆಯಲ್ಲೂ ಅದೇ ನಂಬಿಕೆಯ ಮಾತು ಬಂತು.

ನಮ್ಮ ಕಾಲದಲ್ಲಿ ತೇಲಿಹೋಗುವ ಬಗೆ ಹೇಗಿದೆ ಎಂಬುದನ್ನು ಉತ್ತರ ಕರ್ನಾಟಕದ ಯಾವ ಸಣ್ಣ ಸಭೆಯವರನ್ನು ಕೇಳಿದರೂ ಹೇಳುತ್ತಾರೆ. ಭಾನುವಾರದ ಶಾಲೆಯಲ್ಲಿ ಬಾಯಿಪಾಠದ ವಚನಗಳಿಗೆ ಬಹುಮಾನ ತೆಗೆದುಕೊಂಡ ಹುಡುಗ, ದೃಢೀಕರಣದ ದಿನ ಬಿಳಿ ಅಂಗಿ ಹಾಕಿಕೊಂಡು ಸಭೆಯ ಮುಂದೆ ಮೊಣಕಾಲೂರಿದ ಹುಡುಗ, ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ. ಪಿ.ಜಿ. ಕೋಣೆ, ವಾರಕ್ಕೆ ಆರು ದಿನದ ದುಡಿತ, ಭಾನುವಾರ ಒಂದೇ ದಿನ ಬಟ್ಟೆ ಒಗೆಯಲು, ನಿದ್ದೆ ತೀರಿಸಲು. ಕನ್ನಡ ಆರಾಧನೆ ನಡೆಯುವ ದೇವಾಲಯಕ್ಕೆ ಎರಡು ಬಸ್ಸು ಬದಲಾಯಿಸಬೇಕು. ಮೊದಲು ತಿಂಗಳಿಗೊಮ್ಮೆ ಹೋಗುತ್ತಾನೆ, ಆಮೇಲೆ ಫೋನಿನಲ್ಲಿ ಆರಾಧನೆ ಹಾಕಿಕೊಂಡು ಕೇಳುತ್ತಾನೆ, ಆಮೇಲೆ ಕ್ರಿಸ್ಮಸ್ಸಿಗೆ ಊರಿಗೆ ಬಂದಾಗ ಹಿಂದಿನ ಬೆಂಚಿನಲ್ಲಿ ಕೂಡುತ್ತಾನೆ. ಅವನು ಯಾವುದನ್ನೂ ಅಲ್ಲಗಳೆದಿಲ್ಲ. ನೀನು ಕ್ರೈಸ್ತನೋ ಎಂದು ಕೇಳಿದರೆ ಹೌದೆನ್ನುತ್ತಾನೆ, ಮನಃಪೂರ್ವಕವಾಗಿಯೇ ಹೌದೆನ್ನುತ್ತಾನೆ. ಹತ್ತು ವರ್ಷ ಕಳೆದ ಮೇಲೆ ಅವನ ಮಗುವಿಗೆ ದೀಕ್ಷಾಸ್ನಾನ ಮಾಡಿಸುವ ಮಾತು ಬಂದಾಗ, ಸಭಾಪಾಲಕರ ಮುಂದೆ ಕುಳಿತು ಏನು ಹೇಳಬೇಕೆಂದು ಅವನಿಗೆ ತೋಚುವುದಿಲ್ಲ.

ನೇಗಿಲಿನ ಮೇಲೆ ಕೈಯಿಟ್ಟು ಹಿಂದಕ್ಕೆ ನೋಡುವವನು ದೇವರ ರಾಜ್ಯಕ್ಕೆ ತಕ್ಕವನಲ್ಲ ಎಂಬ ಕರ್ತನ ಮಾತನ್ನು ಇಂಥ ಹುಡುಗರ ಮೇಲೆ ಬೀಸುವುದು ಸುಲಭ. ಆದರೆ ಎರೆ ಹೊಲದಲ್ಲಿ ರಂಟೆ ಹೊಡೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಆ ಮಾತಿನ ಇನ್ನೊಂದು ಮಗ್ಗುಲು ಕಾಣುತ್ತದೆ. ಒಂದು ಕೈ ಮೇಳಿಯ ಮೇಲೆ, ಇನ್ನೊಂದು ಕೈಯಲ್ಲಿ ಬಾರಕೋಲು. ಮೇಳಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಕುಳ ನೆಲದೊಳಗೆ ಇಳಿದಿರುತ್ತದೆ. ಕೈ ಸಡಿಲವಾದರೆ ಮೇಲಕ್ಕೆ ಎದ್ದು ಬರಿಯ ಗೀರು ಎಳೆಯುತ್ತದೆ. ಹೊಡೆಯುವವನ ಕಣ್ಣು ಎತ್ತುಗಳ ನಡುವಿನಿಂದ ಮುಂದಿನ ಬದುವಿನ ಮೇಲಿರುತ್ತದೆ, ಅವನು ತಿರುಗಿದರೆ ಮೈಯ ತೂಕವೂ ತಿರುಗಿ ಸಾಲು ಸೊಟ್ಟಗಾಗುತ್ತದೆ. ಸೊಟ್ಟಗಾದ ಸಾಲಿಗೆ ಅವನು ಏನು ಮಾಡುತ್ತಾನೆ? ಹೊಲ ಬಿಟ್ಟು ಹೋಗುವುದಿಲ್ಲ. ಹೊಲದ ತುದಿಯಲ್ಲಿ ಎತ್ತು ತಿರುಗಿಸಿ ಮುಂದಿನ ಸಾಲನ್ನು ನೆಟ್ಟಗೆ ಹಿಡಿಯುತ್ತಾನೆ, ಎರಡು ಮೂರು ಸಾಲುಗಳಲ್ಲಿ ಸೊಟ್ಟು ಸರಿಹೋಗುತ್ತದೆ. ಕರ್ತನು ಆ ಮಾತನ್ನು ಹೇಳಿದ್ದು ಮನೆಯವರಿಂದ ಬೀಳ್ಕೊಂಡು ಬರುತ್ತೇನೆ ಎಂದವನೊಬ್ಬನಿಗೆ, ಅವನು ಹೊರಡುವ ಮೊದಲು. ಬಿದ್ದವನ ಬೆನ್ನಿಗೆ ಹೇಳಿದ ಮಾತಲ್ಲ ಅದು. ಬೀಳಲಿದ್ದವನಿಗೆ ಕರ್ತನು ಹೇಳಿದ ಮಾತು ಬೇರೆಯೇ ಇದೆ: ನಿನ್ನ ನಂಬಿಕೆ ಕುಂದದಂತೆ ನಾನು ನಿನಗೋಸ್ಕರ ಬೇಡಿಕೊಂಡಿದ್ದೇನೆ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಎಂದು ಪೇತ್ರನಿಗೆ. ಕೋಳಿ ಕೂಗುವ ಮೊದಲೇ, ಪೇತ್ರನು ತನ್ನನ್ನು ಅರಿಯೆನೆಂದು ಅಲ್ಲಗಳೆಯುವ ಮೊದಲೇ, ತಿರುಗಿ ಬರುವುದನ್ನು ಕರ್ತನು ಲೆಕ್ಕಕ್ಕೆ ಹಿಡಿದಿದ್ದ.

ಧೈರ್ಯವಿದ್ದವರು ನಿಲ್ಲುತ್ತಾರೆ, ಇಲ್ಲದವರು ಹೋಗುತ್ತಾರೆ ಎಂದು ನಾವು ವಿಂಗಡಿಸುವುದೂ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ಸುಮಾರು 155ರ ಹೊತ್ತಿಗೆ ಇಂದಿನ ಟರ್ಕಿಯಲ್ಲಿರುವ ಸ್ಮುರ್ನದ ವೃದ್ಧ ಬಿಷಪ್ ಪಾಲಿಕಾರ್ಪನನ್ನು ಸುಟ್ಟು ಕೊಂದಾಗ, ಅಲ್ಲಿನ ಸಭೆ ಆ ವೃತ್ತಾಂತವನ್ನು ಬರೆದು ಬೇರೆ ಸಭೆಗಳಿಗೆ ಕಳುಹಿಸಿತು. ಕ್ರಿಸ್ತನನ್ನು ದೂಷಿಸು ಎಂದಾಗ, 86 ವರ್ಷ ಅವನ ಸೇವೆ ಮಾಡಿದ್ದೇನೆ, ಅವನು ನನಗೆ ಯಾವ ಕೇಡನ್ನೂ ಮಾಡಿಲ್ಲ, ನನ್ನ ಅರಸನನ್ನು ಹೇಗೆ ದೂಷಿಸಲಿ ಎಂಬ ಅವನ ಉತ್ತರ ಎಲ್ಲರಿಗೂ ಗೊತ್ತು. ಅದೇ ವೃತ್ತಾಂತದಲ್ಲಿರುವ ಕ್ವಿಂಟಸ್ ಎಂಬವನನ್ನು ಮಾತ್ರ ನಾವು ನೆನೆಯುವುದಿಲ್ಲ. ಅವನು ತಾನಾಗಿಯೇ ಮುಂದೆ ಬಂದವನು, ಇತರರನ್ನೂ ಹುರಿದುಂಬಿಸಿ ಕರೆತಂದವನು. ಅಖಾಡದಲ್ಲಿ ಮೈಮೇಲೆ ಬಿಡಲಿದ್ದ ಮೃಗಗಳನ್ನು ಕಂಡೊಡನೆ ಆಣೆಯಿಟ್ಟು ಬಲಿ ಅರ್ಪಿಸಿಬಿಟ್ಟ. ಪಾಲಿಕಾರ್ಪನೋ, ಜನರು ಕೇಳಿಕೊಂಡಿದ್ದಕ್ಕೆ ಊರ ಹೊರಗಿನ ತೋಟದ ಮನೆಗೆ ಹೋಗಿ ಅಡಗಿದ್ದ. ಹಿಡಿಯಲು ಬಂದವರಿಗೆ ಊಟ ಹಾಕಿಸಿ, ಪ್ರಾರ್ಥನೆಗೆ ಒಂದು ತಾಸು ಬಿಡುವು ಕೇಳಿದ. ಎರಡು ತಾಸು ನಿಂತೇ ಪ್ರಾರ್ಥಿಸಿದ. ತಾವಾಗಿಯೇ ಹೋಗಿ ಒಪ್ಪಿಸಿಕೊಳ್ಳುವವರನ್ನು ನಾವು ಹೊಗಳುವುದಿಲ್ಲ ಎಂದು ಸ್ಮುರ್ನದ ಸಭೆ ಸ್ಪಷ್ಟವಾಗಿ ಬರೆದಿದೆ. ಆರಂಭದ ಆವೇಶವನ್ನೇ ನಂಬಿಕೆಯ ಅಳತೆಗೋಲು ಮಾಡಿಕೊಂಡಿರುವ ಇಂದಿನ ಉಜ್ಜೀವನ ಕೂಟಗಳಲ್ಲಿ ಆ ಒಂದು ಸಾಲನ್ನು ಓದಿಸಬೇಕೆಂದು ನನಗೆ ಬಹಳ ದಿನಗಳಿಂದ ಆಸೆ.

ಇನ್ನು ನೂರು ವರ್ಷ ಕಳೆದ ಮೇಲೆ ಬಂದ ಪರೀಕ್ಷೆ ಇದಕ್ಕಿಂತ ದೊಡ್ಡದು. ಚಕ್ರವರ್ತಿ ಡೆಸಿಯಸ್ ಸಾಮ್ರಾಜ್ಯದ ಪ್ರತಿಯೊಬ್ಬರೂ ದೇವತೆಗಳಿಗೆ ಬಲಿ ಅರ್ಪಿಸಿ, ಅರ್ಪಿಸಿದ್ದಕ್ಕೆ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಅಂಥ ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಉಳಿದುಕೊಂಡಿದ್ದು, ಮೊದಲನೆಯದು 1893ರಲ್ಲಿ ಪ್ರಕಟವಾಯಿತು. ಆ ಪಪೈರಸ್ ತುಂಡಿನಲ್ಲಿ ಒಂದು ಹಳ್ಳಿಯ ಔರೇಲಿಯಸ್ ಡಯೋಜಿನಸ್ ಎಂಬವನ ಅರ್ಜಿಯಿದೆ: ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಗುರುತು, ನಾನು ಯಾವಾಗಲೂ ದೇವತೆಗಳಿಗೆ ಬಲಿ ಅರ್ಪಿಸುತ್ತ ಬಂದಿದ್ದೇನೆ, ಈಗ ನಿಮ್ಮ ಎದುರಿನಲ್ಲೇ ಬಲಿ ಅರ್ಪಿಸಿ, ಪಾನ ಸುರಿದು, ನೈವೇದ್ಯದ ರುಚಿ ನೋಡಿದ್ದೇನೆ, ದಯವಿಟ್ಟು ರುಜು ಹಾಕಿಕೊಡಿ. ತಾರೀಖು ನಮ್ಮ ಲೆಕ್ಕದಲ್ಲಿ 250ರ ಜೂನ್ 26. ತಹಶೀಲ್ದಾರರ ಕಚೇರಿಗೆ ಕೊಡುವ ಅಫಿಡವಿಟ್ಟಿನ ಧಾಟಿಯೇ ಅದರಲ್ಲಿದೆ. ಕ್ರೈಸ್ತರಿಗೆ ಎದುರಾದದ್ದು ಇಷ್ಟು ಸಣ್ಣ ಕೆಲಸ: ಒಂದು ಚಿಟಿಕೆ ಧೂಪ, ಒಂದು ಚೂರು ಮಾಂಸ, ಒಂದು ರುಜು.

ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಏನಾಯಿತೆಂದು ಅಲ್ಲಿನ ಬಿಷಪ್ ಸಿಪ್ರಿಯನ್ ಬರೆದಿಟ್ಟಿದ್ದಾನೆ. ಯಾರೂ ಎಳೆದೊಯ್ಯುವ ಮೊದಲೇ ಜನರು ಊರ ಚೌಕಕ್ಕೆ ಓಡಿದರು. ಸಂಜೆಯಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೆ, ನಾಳೆಗೆ ಹಾಕಬೇಡಿ ಎಂದು ಬೇಡಿಕೊಂಡವರಿದ್ದರು. ಮಕ್ಕಳನ್ನು ಎತ್ತಿಕೊಂಡು ಹೋದವರಿದ್ದರು. ಹಣ ಕೊಟ್ಟು, ಬಲಿ ಅರ್ಪಿಸದೆಯೇ ಅರ್ಪಿಸಿದಂತೆ ಪತ್ರ ಮಾಡಿಸಿಕೊಂಡವರೂ ಇದ್ದರು. ಅವರನ್ನು ಕಟ್ಟಿಹಾಕಿದ್ದು ಅವರ ಆಸ್ತಿಯೇ ಎಂದು ಸಿಪ್ರಿಯನ್ ನೋವಿನಿಂದ ಬರೆಯುತ್ತಾನೆ. ಆತ ಸ್ವತಃ ಊರು ಬಿಟ್ಟು ಅಡಗಿದ್ದ, ಅದಕ್ಕಾಗಿ ನಿಂದೆಯನ್ನೂ ಕೇಳಿದ. ಎಂಟು ವರ್ಷಗಳ ನಂತರ, 258ರ ಸೆಪ್ಟೆಂಬರ್ 14ರಂದು, ಅದೇ ಕಾರ್ಥೇಜಿನ ಜನರ ಕಣ್ಣೆದುರಿಗೆ ಕತ್ತಿಗೆ ತಲೆಯೊಡ್ಡಿದ.

ಸಿಪ್ರಿಯನ್ನನ ಪತ್ರಸಂಗ್ರಹದಲ್ಲಿ ಉಳಿದುಬಂದಿರುವ ಇಬ್ಬರು ಹೆಣ್ಣುಮಕ್ಕಳ ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಒಬ್ಬಳು ಬೋನಾ. ಗಂಡನೇ ಅವಳನ್ನು ಬಲಿಪೀಠಕ್ಕೆ ಎಳೆದೊಯ್ದ. ಅವಳ ಕೈ ಹಿಡಿದು ಅಲ್ಲಿದ್ದವರೇ ಬಲಿ ಹಾಕಿಸಿದರು. ನಾನು ಮಾಡಲಿಲ್ಲ, ಮಾಡಿದವರು ನೀವು ಎಂದು ಅವಳು ಕೂಗಿದಳು, ಅದಕ್ಕಾಗಿ ಗಡೀಪಾರಾದಳು. ಇನ್ನೊಬ್ಬಳು ರೋಮಿನವಳು, ಸೆಲೆರಿನಸ್ ಎಂಬ ಕ್ರೈಸ್ತನ ಸಹೋದರಿ. ಅವಳು ಬಲಿ ಅರ್ಪಿಸಿ ಬಿದ್ದುಹೋದಳು. ಈಸ್ಟರಿನ ಸಂತೋಷದ ದಿನವೂ ತಾನು ಗೋಣಿತಟ್ಟು ಉಟ್ಟು, ಬೂದಿಯಲ್ಲಿ ಕುಳಿತು ಅವಳಿಗಾಗಿ ಅತ್ತೆನೆಂದು ಅವನು ಕಾರ್ಥೇಜಿನ ಸೆರೆಯಲ್ಲಿದ್ದ ಗೆಳೆಯನಿಗೆ ಬರೆಯುತ್ತಾನೆ. ಬಿದ್ದ ಆ ಹೆಣ್ಣುಮಗಳು, ಅವಳಂತೆಯೇ ಸೋತ ಇನ್ನೊಬ್ಬಳ ಜೊತೆಗೂಡಿ, ಆಫ್ರಿಕಾದಿಂದ ಗಡೀಪಾರಾಗಿ ಬಂದ ವಿಶ್ವಾಸಿಗಳನ್ನು ಬಂದರಿಗೇ ಹೋಗಿ ಎದುರುಗೊಂಡಳು, ಊರೊಳಗೆ ಕರೆತಂದಳು. 65 ಜನರ ಊಟ ಉಪಚಾರವನ್ನು ಅವರು ನೋಡಿಕೊಳ್ಳುತ್ತಿದ್ದಾರೆಂದು ಪತ್ರ ಹೇಳುತ್ತದೆ. ಹಿಂಸೆ ಇನ್ನೂ ಮುಗಿದಿರಲಿಲ್ಲ. ತಾನು ನಿಲ್ಲಲಾರದೆ ಹೋದ ಜಾಗದಲ್ಲಿ ನಿಂತವರ ಕಾಲು ತೊಳೆಯುವ ಕೆಲಸವನ್ನು ಅವಳು ಕೈಗೆತ್ತಿಕೊಂಡಿದ್ದಳು. ಇವಳನ್ನು ಹಿಂದೆ ಸರಿದವರ ಲೆಕ್ಕಕ್ಕೆ ಸೇರಿಸಲು ನನ್ನಿಂದಾಗದು.

ಹಿಂಸೆ ತಗ್ಗಿದ ಮೇಲೆ ಬಿದ್ದವರು ಸಾವಿರಾರು ಸಂಖ್ಯೆಯಲ್ಲಿ ಬಾಗಿಲಿಗೆ ಬಂದರು. ರೋಮಿನಲ್ಲಿ ನೊವೇಷಿಯನ್ ಎಂಬವನು, ಸಭೆಯಲ್ಲಿ ಇಂಥವರಿಗೆ ಇನ್ನು ಜಾಗವಿಲ್ಲ, ದೇವರು ಬೇಕಾದರೆ ಕ್ಷಮಿಸಲಿ ಎಂದ. ಅವನನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ಮಗನನ್ನು ಸೆರೆಮನೆಯಲ್ಲಿ ಕಳೆದುಕೊಂಡ ತಾಯಿ, ಪ್ರಮಾಣಪತ್ರ ಕೊಂಡು ಮನೆ ಉಳಿಸಿಕೊಂಡವನ ಪಕ್ಕದಲ್ಲಿ ಕುಳಿತು, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿಯಬೇಕೆಂದರೆ ಅದು ಸಣ್ಣ ಮಾತಲ್ಲ. ಸಿಪ್ರಿಯನ್ ಕೂಡ ಕ್ಷಮೆಯನ್ನು ಹಂಚಿಬಿಡುವುದನ್ನು ಒಪ್ಪಲಿಲ್ಲ. ಸೆರೆಯಲ್ಲಿದ್ದವರು ಇಂಥವನನ್ನು ಅವನ ಮನೆಯವರ ಸಮೇತ ಸೇರಿಸಿಕೊಳ್ಳಿ ಎಂದು ಒಟ್ಟೊಟ್ಟಿಗೆ ಶಿಫಾರಸು ಪತ್ರ ಬರೆದುಕೊಡತೊಡಗಿದಾಗ ಅದನ್ನು ತಡೆದ. 251ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಬಿಷಪರು ಒಬ್ಬೊಬ್ಬರ ಸಂಗತಿಯನ್ನೂ ವಿಚಾರಿಸಬೇಕೆಂದೂ, ಬಲಿ ಅರ್ಪಿಸಿಯೇ ಬಿಟ್ಟವರು ದೀರ್ಘಕಾಲ ಪಶ್ಚಾತ್ತಾಪದಲ್ಲಿದ್ದು ಸಾವು ಹತ್ತಿರವಾದಾಗ ಸೇರಿಸಲ್ಪಡಬೇಕೆಂದೂ ತೀರ್ಮಾನಿಸಿದರು.

ಮುಂದಿನ ಒಂದೆರಡು ವರ್ಷಗಳಲ್ಲಿ ಹೊಸ ಹಿಂಸೆಯ ಸೂಚನೆ ಕಂಡಿತು. ಆಗ ಅದೇ ಬಿಷಪರು ಮತ್ತೆ ಕೂಡಿ, ಪಶ್ಚಾತ್ತಾಪ ಬಿಡದೆ ಕಾದಿದ್ದ ಎಲ್ಲರನ್ನೂ ತಕ್ಷಣ ಕರ್ತನ ಭೋಜನಕ್ಕೆ ಸೇರಿಸಿಕೊಂಡರು. ಅವರು ಕೊಟ್ಟ ಕಾರಣವನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆ. ಹೋರಾಟಕ್ಕೆ ಹೋಗೆಂದು ನಾವು ಹುರಿದುಂಬಿಸುವವರನ್ನು ಬರಿಗೈಯಲ್ಲಿ ಕಳುಹಿಸಲಾರೆವು. ಕ್ರಿಸ್ತನಿಗಾಗಿ ರಕ್ತ ಸುರಿಸಿರೆಂದು ಕಲಿಸುವ ನಾವು ಭೋಜನದ ಪಾತ್ರೆಯಲ್ಲಿ ಕ್ರಿಸ್ತನ ರಕ್ತವನ್ನೇ ಅವರಿಗೆ ಕೊಡದಿದ್ದರೆ ಹೇಗೆ ಎಂಬುದು ಅವರ ವಾದದ ಸಾರ. ನಮ್ಮಲ್ಲಿ ಸಾಮಾನ್ಯವಾಗಿ ಇದರ ತಿರುವುಮುರುವು ನಡೆಯುತ್ತದೆ: ಮೊದಲು ಗಟ್ಟಿಯಾಗಿ ನಿಂತು ತೋರಿಸಲಿ, ಆಮೇಲೆ ಸೇರಿಸಿಕೊಳ್ಳೋಣ ಎನ್ನುತ್ತೇವೆ. ಆ ಬಿಷಪರಿಗೆ, ಸೇರಿಸಿಕೊಳ್ಳದೆ ಯಾರೂ ನಿಲ್ಲಲಾರರು ಎಂಬುದು ಅನುಭವದಿಂದ ಗೊತ್ತಾಗಿತ್ತು. ಕಡೆಯವರೆಗೆ ತಾಳುವ ಬಲವನ್ನು ದೇವರು ಒಬ್ಬೊಬ್ಬರ ಎದೆಯಲ್ಲಿ ಬೇರೆ ಬೇರೆಯಾಗಿ ಕಟ್ಟಿಟ್ಟಿದ್ದಾನೆಂದು ನಾನು ನಂಬುವುದಿಲ್ಲ. ಅವನು ಅದನ್ನು ವಚನದಲ್ಲಿ, ರೊಟ್ಟಿ ದ್ರಾಕ್ಷಾರಸದಲ್ಲಿ, ಪಕ್ಕದ ಬೆಂಚಿನಲ್ಲಿ ಕುಳಿತವರ ಪ್ರಾರ್ಥನೆಯಲ್ಲಿ ಇಟ್ಟಿದ್ದಾನೆ. ಇಬ್ರಿಯರಿಗೆ ಬರೆದವನು ನಿಮ್ಮಲ್ಲಿ ಒಬ್ಬನಾದರೂ ಕಠಿಣನಾಗದಂತೆ ದಿನದಿನವೂ ಒಬ್ಬರನ್ನೊಬ್ಬರು ಎಚ್ಚರಿಸಿರಿ ಎಂದು ಬಹುವಚನದಲ್ಲೇ ಬರೆಯುತ್ತಾನೆ.

ಅದೇ ಪತ್ರಿಕೆಯ ಆರನೆಯ ಅಧ್ಯಾಯವನ್ನು ಮುಚ್ಚಿಟ್ಟು ಈ ಮಾತು ಆಡಬಾರದು. ಬೆಳಕನ್ನು ಕಂಡು, ಪರಲೋಕದ ವರವನ್ನು ಸವಿದು ಬಿದ್ದುಹೋದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯ ಎಂದು ಅಲ್ಲಿದೆ. ಈ ವಚನಗಳಿಂದ ನಿದ್ದೆ ಕಳೆದುಕೊಂಡವರನ್ನು ನಾನು ಬಲ್ಲೆ. ಈ ಮಾತಿನ ಭಾರವನ್ನು ಇಳಿಸುವ ಅಧಿಕಾರ ನನಗಿಲ್ಲ. ಕ್ರಿಸ್ತನನ್ನು ತಿಳಿದೂ ತಿಳಿದೂ ಹೀಯಾಳಿಸಿ ಹೋಗುವುದು ಭಯಂಕರವಾದದ್ದೇ. ಆದರೆ ಬರೆದವನು ಅಲ್ಲಿಗೇ ನಿಲ್ಲದೆ, ಪ್ರಿಯರೇ, ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದನ್ನೇ ನಂಬಿದ್ದೇವೆ ಎನ್ನುತ್ತಾನೆ, ಮತ್ತು ಆ ಭರವಸೆಗೆ ಅವನು ತೋರಿಸುವ ಗುರುತು ಅವರು ದೇವಜನರಿಗೆ ಮಾಡಿದ ಮತ್ತು ಮಾಡುತ್ತಿರುವ ಉಪಚಾರ. ರೋಮಿನ ಬಂದರಿನಲ್ಲಿ ನಿಂತ ಆ ಹೆಣ್ಣುಮಗಳು ನೆನಪಾಗುತ್ತಾಳೆ. ನಾನು ತಪ್ಪಿಹೋದೆನೇ ಎಂದು ಅಳುವವರು ಆ ವಚನದಲ್ಲಿ ಹೇಳಿರುವವರ ಪೈಕಿ ಅಲ್ಲ. ಹೋದವರಿಗೆ ಆ ಅಳು ಬರುವುದೇ ಇಲ್ಲ.

ಅಪೊಸ್ತಲ ಪೌಲನ ಜೊತೆಗಾರರಲ್ಲಿ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಮಾರ್ಕನೆನಿಸಿಕೊಂಡ ಯೋಹಾನನು ಪಂಫುಲ್ಯದ ಪೆರ್ಗೆಯಿಂದ ಯೆರೂಸಲೇಮಿಗೆ ಹಿಂತಿರುಗಿದವನು. ಮುಂದಿನ ಪ್ರಯಾಣಕ್ಕೆ ಅವನನ್ನು ಕರೆದೊಯ್ಯಬೇಕೆಂದು ಬಾರ್ನಬ, ಬೇಡವೆಂದು ಪೌಲ. ಇಬ್ಬರೂ ತೀಕ್ಷ್ಣವಾಗಿ ವಾದಿಸಿ ಅಗಲಿದರು, ಬಾರ್ನಬನು ಅವನನ್ನು ಕರೆದುಕೊಂಡು ಕುಪ್ರ ದ್ವೀಪಕ್ಕೆ ಹಡಗು ಹತ್ತಿದ. ವರ್ಷಗಳು ಕಳೆದ ಮೇಲೆ ಫಿಲೆಮೋನನಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ ಜೊತೆಗೆಲಸದವರೆಂದು ಮಾರ್ಕ, ಅರಿಸ್ತಾರ್ಕ, ದೇಮ, ಲೂಕ ಇವರ ಹೆಸರುಗಳು ಒಂದೇ ಸಾಲಿನಲ್ಲಿವೆ. ತಿಮೊಥೆಗೆ ಬರೆದ ಎರಡನೆಯ ಪತ್ರಿಕೆಗೆ ಬರುವಷ್ಟರಲ್ಲಿ, ದೇಮನು ಇಹಲೋಕವನ್ನು ಪ್ರೀತಿಸಿ ಬಿಟ್ಟುಹೋದನು, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನಾಗಿದ್ದಾನೆ ಎಂಬ ಮಾತುಗಳು ಒಂದರ ಬೆನ್ನಿಗೊಂದು ಬರುತ್ತವೆ. ಹಿಂತಿರುಗಿದವನು ಉಳಿದ, ಉಳಿದಿದ್ದವನು ಹೋದ. ಮಾರ್ಕನಿಗೆ ಬಾರ್ನಬನಿದ್ದ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ನಮ್ಮ ಹಳ್ಳಿಯ ಸಭೆಯಲ್ಲಿ ಈ ಕೆಲಸವನ್ನು ಯಾರೂ ನೇಮಿಸದೆಯೇ ಮಾಡುತ್ತಿದ್ದ ಒಬ್ಬ ಆಯಿ ಇದ್ದರು. ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ಚಪ್ಪಲಿ ಹುಡುಕುವವರ ಗುಂಪಿನಲ್ಲಿ ನಿಂತು ಯಾರು ಬಂದಿಲ್ಲವೆಂದು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತಿದ್ದರು. ಮರುದಿನ ಸಂಜೆ ಆ ಮನೆಯ ಕಟ್ಟೆಯ ಮೇಲೆ ಹೋಗಿ ಕುಳಿತು, "ಯಾಕ ಯವ್ವಾ, ನಿನ್ನೆ ಕಾಣ್ಲಿಲ್ಲಲ್ಲ?" ಎಂದು ಕೇಳುತ್ತಿದ್ದರು. ಗುಡಿಗೆ ಹೋಗದಿರುವುದು ಪಾಪವೆಂದು ಅವರು ಹೇಳಿದ್ದನ್ನು ಯಾರೂ ಕೇಳಿಲ್ಲ. ಎಮ್ಮೆಯ ಹಾಲು, ಮಗಳ ಬಾಣಂತನ, ಮಳೆ ಎಲ್ಲ ಮಾತಾಡಿ, ಏಳುವ ಮುಂಚೆ ಸೆರಗು ತಲೆಯ ಮೇಲೆ ಎಳೆದುಕೊಂಡು ಎರಡು ಮಾತಿನ ಪ್ರಾರ್ಥನೆ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಗುರುತು ಹಾಕಿಕೊಳ್ಳುವವರು ನಮ್ಮಲ್ಲಿಲ್ಲ. ಸಭಾ ವಂತಿಗೆ ಬಾಕಿ ಇರುವವರ ಹೆಸರು ಪಟ್ಟಿಯಲ್ಲಿರುತ್ತದೆ, ಆರು ತಿಂಗಳಿನಿಂದ ಕಾಣದವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಬೆಂಗಳೂರಿಗೆ ಹೋದ ಹುಡುಗರ ವಿಳಾಸವಂತೂ ಯಾರ ಬಳಿಯೂ ಇಲ್ಲ. ಆ ವಿಳಾಸಗಳನ್ನು ಮನೆಮನೆಗೆ ಹೋಗಿ ಬರೆದುಕೊಳ್ಳುವುದು, ಅಲ್ಲಿನ ಕನ್ನಡ ಸಭೆಗಳ ಸಭಾಪಾಲಕರಿಗೆ ಒಬ್ಬೊಬ್ಬರ ಹೆಸರನ್ನೂ ಬರೆದು ತಿಳಿಸುವುದು, ದೂರವಾಗಿ ತಿರುಗಿ ಬಂದವರನ್ನು ಮೊದಲ ಭಾನುವಾರವೇ ಕರ್ತನ ಭೋಜನಕ್ಕೆ ಕರೆಯುವುದು, ಈ ಮೂರನ್ನು ಮುಂದಿನ ಸಭಾ ಕೂಟದಲ್ಲಿ ಹಿರಿಯರ ಮುಂದಿಡಬೇಕೆಂದಿದ್ದೇನೆ. ಮನೆಮನೆಗೆ ಹೋಗುವ ಮೊದಲನೆಯ ಕೆಲಸವನ್ನು ನಾನೇ ವಹಿಸಿಕೊಳ್ಳುತ್ತೇನೆ.